ಮನೆಯ ಬಂದೂಕು ಮಾರಾಟಕ್ಕೆ ಬರುವುದು ಏಕೆ?

ಚುನಾವಣೆಯ ದಿನಾಂಕ ಪ್ರಕಟವಾದ ಕೂಡಲೇ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪೊಲೀಸ್ ಠಾಣೆಗಳಿಂದ ಬಂದೂಕು ಪರವಾನಗಿ ಹೊಂದಿದವರಿಗೆ ಕರೆ ಹೋಗುತ್ತದೆ. ನೀತಿಸಂಹಿತೆ ಮುಗಿಯುವವರೆಗೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬುದು ಆ ಕರೆಯ ಸಾರ. ಹಳೆಯ ಪಂಚೆಯಲ್ಲಿ ಸುತ್ತಿ ತಂದ ಜೋಡಿ ನಳಿಗೆಯ ಕೋವಿಯ ನಂಬರನ್ನು ಪರವಾನಗಿ ಪುಸ್ತಕದೊಡನೆ ತಾಳೆ ನೋಡಿ, ಹಿಡಿಗೆ ಚೀಟಿ ಕಟ್ಟಿ, ರಸೀದಿ ಬರೆದುಕೊಡುತ್ತಾರೆ. ಹೀಗೆ ಒಪ್ಪಿಸಿ ಬಂದವರಲ್ಲಿ ಕೆಲವರಿಗೆ ಅದನ್ನು ಮತ್ತೆ ಮನೆಗೆ ತರುವ ಮನಸ್ಸಾಗುವುದಿಲ್ಲ. ಯಾರಿಗಾದರೂ ಮಾರಿಬಿಡುವುದು ಮೇಲೆಂದು ತೋರುತ್ತದೆ. ತಾತನ ಕಾಲದಿಂದ ಪ್ರತಿ ಆಯುಧಪೂಜೆಗೆ ಕುಂಕುಮ, ಸೇವಂತಿಗೆ ಕಂಡ ವಸ್ತುವನ್ನು ಮಾರುವುದೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಮಾರುವುದಾದರೆ ಯಾರಿಗೆ, ಹೇಗೆ ಎಂದು ಕಿರಿಯರು ಕೇಳುತ್ತಾರೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ತಿಳಿಯಬೇಕಾದರೆ ನಮ್ಮ ದೇಶದಲ್ಲಿ ಬಂದೂಕಿನ ಒಡೆತನವೆಂದರೆ ಏನು ಎಂಬುದನ್ನು ಮೊದಲು ಅರ್ಥಮಾಡಿಕೊಳ್ಳಬೇಕು.

ಒಡೆತನ ಬೇರೆ, ಅನುಮತಿ ಬೇರೆ

ಭಾರತದಲ್ಲಿ ಬಂದೂಕಿಗೆ ಸಂಬಂಧಿಸಿದ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಜಾರಿಗಾಗಿ ಈಗ ಇರುವ ನಿಯಮಗಳು 2016ರವು. ಈ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹೊತ್ತು ತಿರುಗುವಂತಿಲ್ಲ. ಪರವಾನಗಿ ಕೊಡುವವರು ಮಂಡ್ಯದಲ್ಲಿ ಜಿಲ್ಲಾಧಿಕಾರಿ. ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರು, ನಗರದ ಹೊರಗಿನ ತಾಲ್ಲೂಕುಗಳಲ್ಲಿ ಜಿಲ್ಲಾಧಿಕಾರಿ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಪರವಾನಗಿಗಳು ಎರಡು ಬಗೆಯವು: ಒಂದು ಆತ್ಮರಕ್ಷಣೆಗೆ, ಇನ್ನೊಂದು ಬೆಳೆ ರಕ್ಷಣೆಗೆ.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿಯೇ. ಅಪ್ಪ ತೀರಿಕೊಂಡರೆ ಜಮೀನು ಪೌತಿ ಖಾತೆಯ ಮೂಲಕ ಮಕ್ಕಳ ಹೆಸರಿಗೆ ಬರುತ್ತದೆ. ಅರ್ಜಿ ತಡವಾದರೂ ಹಕ್ಕು ಎಲ್ಲಿಗೂ ಹೋಗುವುದಿಲ್ಲ, ಅಷ್ಟು ದಿನ ಉಳುಮೆ ಮಾಡಿದ್ದು ಅಪರಾಧವೂ ಆಗುವುದಿಲ್ಲ. ಬಂದೂಕಿನ ವಿಷಯ ಹಾಗಲ್ಲ. ಬಂದೂಕಿನ ಬೆಲೆಯ ಮೇಲೆ ವಾರಸುದಾರರಿಗೆ ಹಕ್ಕಿದ್ದರೂ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಅನುಮತಿ ಪರವಾನಗಿದಾರನ ಉಸಿರಿನ ಜೊತೆಗೇ ಮುಗಿಯುತ್ತದೆ. ಆದ್ದರಿಂದ ಬಂದೂಕನ್ನು ಮಾರುವ ನಿರ್ಧಾರವು ಬಹಳ ಸಲ ಬಂದೂಕಿನ ಗುಣದೋಷದಿಂದ ಹುಟ್ಟುವುದಿಲ್ಲ, ಪರವಾನಗಿ ಪುಸ್ತಕದ ಸ್ಥಿತಿಯಿಂದ ಹುಟ್ಟುತ್ತದೆ. ಅಮೆರಿಕದಂಥ ದೇಶದಲ್ಲಿ ಸಂಗ್ರಾಹಕನೊಬ್ಬ ಹತ್ತಾರು ಬಂದೂಕು ಕೂಡಿಸಿ, ಅಭಿರುಚಿ ಬದಲಾದಾಗ ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳಬಹುದು. ನಮ್ಮಲ್ಲಿ ಅಭಿರುಚಿಗೆ ಅಷ್ಟು ಜಾಗವಿಲ್ಲ.

ಮೂರು ಇದ್ದದ್ದು ಎರಡಾಯಿತು

1983ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಗರಿಷ್ಠ ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿತ್ತು. 2019ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಮಿತಿಯನ್ನು ಎರಡಕ್ಕೆ ಇಳಿಸಿತು. ಮಸೂದೆ ಮೊದಲು ಮಂಡನೆಯಾದಾಗ ಅದರಲ್ಲಿ ಇದ್ದದ್ದು ಒಂದೇ ಬಂದೂಕಿನ ಮಿತಿ. ಆಕ್ಷೇಪಗಳು ಬಂದ ಮೇಲೆ ಅದು ಎರಡಾಯಿತು. ಮೂರು ಇದ್ದವರು ತಮಗೆ ಬೇಕಾದ ಎರಡನ್ನು ಉಳಿಸಿಕೊಂಡು, ಮೂರನೆಯದನ್ನು ಒಂದು ವರ್ಷದೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಕಾಯ್ದೆ ಹೇಳಿತು. ಆ ಒಂದು ವರ್ಷ ಮುಗಿದ 90 ದಿನಗಳೊಳಗೆ ಹೆಚ್ಚುವರಿ ಬಂದೂಕನ್ನು ಪರವಾನಗಿಯಿಂದ ತೆಗೆದುಹಾಕಬೇಕೆಂಬ ನಿಯಮವೂ ಸೇರಿತು. ವ್ಯಾಪಾರಿಗಳಿಗೆ ಮತ್ತು .22 ರೈಫಲ್ ಅಥವಾ ಏರ್ ರೈಫಲ್‌ನಿಂದ ಗುರಿ ಅಭ್ಯಾಸ ಮಾಡುವ ರೈಫಲ್ ಕ್ಲಬ್ ಸದಸ್ಯರಿಗೆ ಇದರಿಂದ ವಿನಾಯಿತಿ ಇದೆ.

ಇದರ ಪೆಟ್ಟು ಬಿದ್ದದ್ದು ಹಳೆಯ ಶಿಕಾರಿ ಮನೆತನಗಳಿಗೆ ಮತ್ತು ತೋಟದ ಮಾಲೀಕರಿಗೆ. ಹಕ್ಕಿ ಹೊಡೆಯಲು ಒಂದು 12 ಬೋರ್ (ಬೋರ್ ಎಂದರೆ ನಳಿಗೆಯ ಅಳತೆ) ಬಂದೂಕು, ದೊಡ್ಡ ಪ್ರಾಣಿಗೆ ಒಂದು ರೈಫಲ್, ರಾತ್ರಿ ಪ್ರಯಾಣಕ್ಕೆ ಒಂದು ರಿವಾಲ್ವರ್ ಎಂಬುದು ಅಂಥ ಮನೆಗಳ ಹಿಂದಿನ ಲೆಕ್ಕ. ಮೂರರಲ್ಲಿ ಯಾವುದನ್ನು ಬಿಡಬೇಕೆಂಬುದೇ ಅವರಿಗೆ ಮೊದಲ ಮಾರಾಟದ ಪ್ರಶ್ನೆಯಾಯಿತು. ಒಂದೇ ಮನೆಯಲ್ಲಿ ಗಂಡ, ಹೆಂಡತಿ, ಮಗ ಮೂವರೂ ಪ್ರತ್ಯೇಕವಾಗಿ ಪರವಾನಗಿ ಪಡೆದಿದ್ದರೆ ತಲಾ ಎರಡು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಪ್ರತಿಯೊಬ್ಬರೂ ತಮಗೆ ಬಂದೂಕು ಏಕೆ ಬೇಕೆಂಬುದನ್ನು ತೋರಿಸಬೇಕು, ಪೊಲೀಸ್ ವರದಿಯನ್ನು ಎದುರಿಸಬೇಕು. ಮನೆಯವರೆಲ್ಲ ಅದಕ್ಕೆ ಸಿದ್ಧರಿರುವುದು ಅಪರೂಪ.

ನೆರೆಯ ಕೊಡಗಿನ ಸ್ಥಿತಿಯನ್ನು ಇದರೊಡನೆ ಬೆರೆಸಬಾರದು. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕಾಯ್ದೆಯ ಪರವಾನಗಿ ನಿಯಮದಿಂದ ವಿನಾಯಿತಿಯಿದ್ದು, ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಪಿರಿಯಾಪಟ್ಟಣದ ರೈತನಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ತಂದೆ ತೀರಿಕೊಂಡ ಮೇಲೆ

ಮಾರಾಟಕ್ಕೆ ಬರುವ ಬಂದೂಕುಗಳ ಹಿಂದೆ ಸಾಮಾನ್ಯವಾಗಿ ಇರುವ ಕಥೆ ಉತ್ತರಾಧಿಕಾರದ್ದು. ಪರವಾನಗಿದಾರ ತೀರಿಕೊಂಡಾಗ ಮನೆಯವರು ಬಂದೂಕನ್ನು ಬೀರುವಿನಲ್ಲಿ ಹಾಗೆಯೇ ಬಿಡುವಂತಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಇಟ್ಟುಕೊಳ್ಳುವ ಅಧಿಕಾರ ತಪ್ಪಿದ ಬಂದೂಕನ್ನು ಅನಗತ್ಯ ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ವಾರಸುದಾರರು ನಿಗದಿತ ಅವಧಿಯೊಳಗೆ ತಮ್ಮ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಾದ ಬೇರೆಯವರಿಗೆ ಮಾರಿ ಹಣ ಪಡೆಯಬಹುದು. ಎರಡನ್ನೂ ಮಾಡದೆ ಅವಧಿ ಮೀರಿದರೆ ಬಂದೂಕನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ.

ಮಗ ಅಥವಾ ಮಗಳು ಪರವಾನಗಿ ಪಡೆಯಬೇಕಾದರೆ 21 ವರ್ಷ ತುಂಬಿರಬೇಕು, ಉಳಿದ ವಾರಸುದಾರರಿಂದ ಆಕ್ಷೇಪವಿಲ್ಲವೆಂಬ ಹೇಳಿಕೆ ಬೇಕು, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಬಳಕೆಯ ಸುರಕ್ಷತಾ ತರಬೇತಿ ಎಲ್ಲವೂ ಆಗಬೇಕು. ಪಿತ್ರಾರ್ಜಿತವಾಗಿ ಬಂದರೂ ಎರಡರ ಮಿತಿ ಮೀರುವಂತಿಲ್ಲ ಎಂದು 2019ರ ತಿದ್ದುಪಡಿ ಬಿಡಿಸಿ ಹೇಳಿದೆ. ಕೆ.ಆರ್. ಪೇಟೆಯ ಹಳ್ಳಿಯ ಮನೆಯೊಂದರ ಮಕ್ಕಳು ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದಾರೆಂದು ಭಾವಿಸೋಣ. ಅವರಿಗೆ ಬೆಳೆ ರಕ್ಷಣೆಯ ಕಾರಣ ತೋರಿಸಲು ತಾವೇ ಮಾಡಿಸುವ ಬೇಸಾಯವಿಲ್ಲ, ಬಂದೂಕನ್ನು ಭದ್ರವಾಗಿಡಲು ಸ್ವಂತ ಮನೆಯಿಲ್ಲ, ಅಣ್ಣ ತಮ್ಮಂದಿರ ನಡುವೆ ಆಸ್ತಿ ವಿಭಾಗ ಮುಗಿಯದೆ ಆಕ್ಷೇಪವಿಲ್ಲವೆಂಬ ಸಹಿಯೂ ಸಿಗುವುದಿಲ್ಲ. ಅಂಥ ಮನೆಯವರು ಮಾರುವುದು ಬಂದೂಕಿನ ಮೇಲೆ ಪ್ರೀತಿಯಿಲ್ಲದ್ದರಿಂದಲ್ಲ. ಮಾರದಿದ್ದರೆ ಅದು ಠಾಣೆಯ ಕೋಣೆಯಲ್ಲಿ ತುಕ್ಕು ಹಿಡಿದು ಕೊನೆಗೆ ಕೈತಪ್ಪುತ್ತದೆ ಎಂಬ ಅಳುಕಿನಿಂದ.

ಇದನ್ನು ತಪ್ಪಿಸಲು ನಿಯಮಗಳಲ್ಲೇ ಒಂದು ದಾರಿಯಿದೆ, ಆದರೆ ಅದು ಬಹಳ ಜನರಿಗೆ ಗೊತ್ತಿಲ್ಲ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು ಅವನ ಬಳಿ ಬಂದು 25 ವರ್ಷವಾದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಿಸಬಹುದು. ತಂದೆ ಕಚೇರಿಗೆ ಜೊತೆಯಲ್ಲಿ ಬಂದು ಮಾತನಾಡಬಲ್ಲ ಕಾಲದಲ್ಲಿ ಈ ಕೆಲಸ ಮುಗಿಸಿದ ಮನೆಗಳಿಗೆ ಮುಂದೆ ಅವಸರದಲ್ಲಿ ಮಾರಬೇಕಾದ ಒತ್ತಡ ಬರುವುದಿಲ್ಲ.

ಕೆಲಸ ಕಳೆದುಕೊಂಡ ಕೋವಿ

ಮೈಸೂರಿಗೂ ಶಿಕಾರಿಗೂ ಇದ್ದ ನಂಟು ಹಳೆಯದು. ಅರಸರ ಮತ್ತು ಬ್ರಿಟಿಷ್ ಅಧಿಕಾರಿಗಳ ಬೇಟೆಯ ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸಿಕೊಡುತ್ತಿದ್ದ ವ್ಯಾನ್ ಇಂಜೆನ್ ಸಂಸ್ಥೆ ಈ ನಗರದಲ್ಲೇ 1900ರಿಂದ 1999ರವರೆಗೆ ನಡೆಯಿತು. ಅಂದು ತಂದ ಬಂದೂಕುಗಳಲ್ಲಿ ಒಳ್ಳೆಯವು ಇಂಗ್ಲೆಂಡಿನವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದ ಮೇಲೆ ಈ ಬಂದೂಕುಗಳಿಗೆ ಇದ್ದ ಮುಖ್ಯ ಕೆಲಸವೇ ಹೋಯಿತು. ಕಾಯ್ದೆ ಬಂದು ಅರ್ಧ ಶತಮಾನ ದಾಟಿದೆ. ಬೇಟೆ ಕಂಡವರ ತಲೆಮಾರು ಮುಗಿಯುತ್ತ ಬಂದಂತೆ ಅವರ ಬಂದೂಕುಗಳು ಒಂದೊಂದಾಗಿ ಹೊರಬರುತ್ತಿವೆ.

ಬೆಳೆ ರಕ್ಷಣೆಯ ಕೋವಿಯ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಹುಣಸೂರು, ಎಚ್.ಡಿ. ಕೋಟೆ ಭಾಗದಲ್ಲಿ ಆನೆ, ಹಂದಿ. ಮಳವಳ್ಳಿ, ಪಾಂಡವಪುರದ ಕಡೆ ಕಬ್ಬಿನ ಗದ್ದೆಯೊಳಗೆ ಹಂದಿ, ಚಿರತೆ. ಆದರೆ ಪರವಾನಗಿ ಇದೆಯೆಂದ ಮಾತ್ರಕ್ಕೆ ರೈತ ಈ ಪ್ರಾಣಿಗಳನ್ನು ಕೊಲ್ಲುವಂತಿಲ್ಲ. ಹೆದರಿಸಲು ಗಾಳಿಯಲ್ಲಿ ಒಂದು ಈಡು ಹಾರಿಸುವುದಕ್ಕಷ್ಟೇ ಕೋವಿ ಉಳಿದಿದೆ, ಆ ಕೆಲಸವನ್ನು ಪಟಾಕಿ ಮತ್ತು ಸೌರಬೇಲಿ ಕಡಿಮೆ ತಾಪತ್ರಯದಲ್ಲಿ ಮಾಡುತ್ತವೆ. ಜಮೀನನ್ನು ಗುತ್ತಿಗೆಗೆ ಕೊಟ್ಟವರಿಗಂತೂ ಪರವಾನಗಿ ನವೀಕರಿಸುವ ಕಾರಣವೇ ಉಳಿಯುವುದಿಲ್ಲ.

ತೋಟಾ ಸಿಗದ ಬಂದೂಕು

ಬಂದೂಕಿನ ದೇಹದಿಂದಲೇ ಹುಟ್ಟುವ ಕಾರಣವೂ ಒಂದಿದೆ. ಪ್ರತಿ ಬಂದೂಕಿಗೂ ಅದರ ನಳಿಗೆಯ ಅಳತೆಗೆ ಹೊಂದುವ ತೋಟಾ ಬೇಕು. ಈ ಅಳತೆಯನ್ನೇ ಬೋರ್ ಎನ್ನುವುದು. ಸೈನ್ಯ ಮತ್ತು ಪೊಲೀಸರು ಬಳಸುವ .303, 9 ಎಂಎಂ ಮೊದಲಾದವು ಸಾಮಾನ್ಯರಿಗೆ ನಿಷಿದ್ಧ ಬೋರ್‌ಗಳು. 12 ಬೋರ್, .22, .315, .32 ಮೊದಲಾದವು ಪರವಾನಗಿಯ ಮೇಲೆ ಸಿಗುವಂಥವು. ಸೈನ್ಯದ ತೋಟಾ ಹೊರಗಿನವರ ಕೈಗೆ ಸಿಗಬಾರದೆಂಬ ಎಚ್ಚರಿಕೆ ಬ್ರಿಟಿಷರ ಕಾಲದ್ದು. ಅವರು .450 ಬೋರ್ ರೈಫಲ್ ಭಾರತಕ್ಕೆ ಬರುವುದನ್ನು ತಡೆದಾಗ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1907ರಲ್ಲಿ .465 ಎಂಬ ಹೊಸ ಬೋರ್ ರೂಪಿಸಿತು. ಆನೆ, ಕಾಟಿಯಂಥ ದೊಡ್ಡ ಪ್ರಾಣಿಗಳ ಬೇಟೆಗೆಂದು ಮಾಡಿದ ಆ ಬಗೆಯ ಜೋಡಿ ನಳಿಗೆಯ ರೈಫಲ್‌ಗಳಿಗೆ ಭಾರತದಲ್ಲಿ ತೋಟಾ ತಯಾರಾಗುವುದಿಲ್ಲ. ಹೊರಗಿನಿಂದ ತರಿಸಿದರೆ ಒಂದೊಂದಕ್ಕೂ ಬಹಳ ಬೆಲೆ. ವರ್ಷಗಟ್ಟಲೆ ಒಂದು ಈಡೂ ಹಾರಿಸಲಾಗದ ರೈಫಲ್ ಪರವಾನಗಿಯಲ್ಲಿ ಎರಡು ಬಂದೂಕುಗಳ ಪೈಕಿ ಒಂದರ ಸ್ಥಾನವನ್ನು ಆಕ್ರಮಿಸಿಕೊಂಡಿರುವಾಗ, ಮಾಲೀಕನು ಅದನ್ನು ಕೊಟ್ಟು .315 ಅಥವಾ .22 ಕೊಳ್ಳಲು ಯೋಚಿಸುವುದು ಸಹಜ.

12 ಬೋರ್ ಬಂದೂಕಿಗೆ ತೋಟಾ ಸುಲಭವಾಗಿ ಸಿಗುತ್ತದೆ, ನಿಜ. ಅಲ್ಲಿಯೂ ಒಂದು ತೊಡಕಿದೆ, ಮತ್ತು ಅದನ್ನು ಕಣ್ಣಾರೆ ನೋಡಬಹುದು. ಹಳೆಯ ಇಂಗ್ಲಿಷ್ ಜೋಡಿ ನಳಿಗೆಯ ಬಂದೂಕನ್ನು ಕೀಲಿನ ಬಳಿ ಮಡಿಸಿ ತೆರೆದು, ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಕಳಚಿ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಸರಿಯಿರುವ ನಳಿಗೆಯಲ್ಲಿ ಗೋಡೆ ಕನ್ನಡಿಯಂತಿದ್ದು ಬೆಳಕಿನ ಬಳೆಗಳು ಒಂದರ ಹಿಂದೊಂದು ಸಮವಾಗಿ ಕಾಣುತ್ತವೆ. ತುಕ್ಕು ತಿಂದ ನಳಿಗೆಯಲ್ಲಿ ಆ ಬಳೆಗಳು ಅಲ್ಲಲ್ಲಿ ಮುರಿದು ಸಿಡುಬಿನ ಕಲೆಯಂಥ ಕುಳಿಗಳು ಕಾಣುತ್ತವೆ. ನಳಿಗೆಯ ಬುಡದ ಕೆಳಗೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆಗಳಿರುತ್ತವೆ. ಯಾವ ಉದ್ದದ ತೋಟಾ, ಯಾವ ಮದ್ದು ಎಂಬುದನ್ನು ಬಲ್ಲವರು ಅಲ್ಲಿ ಓದುತ್ತಾರೆ. ಹಳೆಯ ಬಂದೂಕುಗಳಲ್ಲಿ ಅನೇಕವು ಎರಡೂವರೆ ಅಂಗುಲದ ತೋಟಾಕ್ಕೆ ಮಾಡಿದವು, ಈಗ ಸಿಗುವ ತೋಟಾಗಳು ಸಾಮಾನ್ಯವಾಗಿ ಎರಡೂಮುಕ್ಕಾಲು ಅಂಗುಲದವು. ಸಿಡಿದ ಮೇಲೆ ಉದ್ದ ತೋಟಾದ ಮೂತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳ ಮೇಲೆ ಹಾವಿನ ಚರ್ಮದಂಥ ಸುಂದರ ಸುರುಳಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು, ಇಂದಿನ ಮದ್ದಿನ ಒತ್ತಡಕ್ಕೆ ಸಿಡಿಯುವ ಅಪಾಯವಿದೆ. ಬಲ್ಲ ಕುಶಲಕರ್ಮಿಯ ಬಾಯಲ್ಲಿ ಈ ಮಾತು ಕೇಳಿದ ದಿನವೇ ಕೆಲವರು ಬಂದೂಕನ್ನು ಬಿಡುವ ನಿರ್ಧಾರಕ್ಕೆ ಬರುತ್ತಾರೆ. ಅದು ವಿವೇಕದ ನಿರ್ಧಾರ. ಆದರೆ ಕೊಳ್ಳುವವನಿಗೂ ಆ ದೋಷವನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ನಳಿಗೆ ಸಿಡಿದರೆ ಹೋಗುವುದು ಅವನ ಎಡಗೈ.

ದುರಸ್ತಿ ಮಾಡಿದರೂ ಹಾರಿಸಲಾಗದಷ್ಟು ಹಾಳಾದ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಅಟ್ಟದ ಮೇಲೆ ಚಕಮಕಿ ಕಲ್ಲಿನ ಕೋವಿ ಸಿಕ್ಕರೆ ಅದು ಈ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು ಅಧಿಕಾರಿಗಳಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು, ನಾವೇ ತೀರ್ಮಾನಿಸಬಾರದು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ನಿಷೇಧಿಸಿದೆ.

ಠಾಣೆಗೆ ಹೋಗಿ ಬರುವ ದಣಿವು

ಪರವಾನಗಿಯ ಅವಧಿ 2019ರ ನಂತರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಇದರಿಂದ ನವೀಕರಣದ ಓಡಾಟ ಸ್ವಲ್ಪ ಕಡಿಮೆಯಾಗಿದೆ. ಚುನಾವಣೆಯ ಓಡಾಟ ಕಡಿಮೆಯಾಗಿಲ್ಲ. ಲೋಕಸಭೆ, ವಿಧಾನಸಭೆ, ಸ್ಥಳೀಯ ಸಂಸ್ಥೆ ಎಂದು ಒಂದಾದ ಮೇಲೊಂದು ಬರುವಾಗ ಪ್ರತಿ ಸಲ ಬಂದೂಕನ್ನು ಹೊತ್ತು ಹೋಗಿ, ಫಲಿತಾಂಶದ ನಂತರ ಬಿಡಿಸಿ ತರಬೇಕು. ಜಾಮೀನಿನ ಮೇಲಿರುವವರು, ಗಲಭೆ ಪ್ರಕರಣದಲ್ಲಿರುವವರು ಮೊದಲಾದವರ ಬಂದೂಕುಗಳನ್ನು ಸಮಿತಿಯೊಂದು ಪರಿಶೀಲಿಸಿ ಠೇವಣಿಗೆ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಕ್ರಮ. ವಿನಾಯಿತಿ ಬೇಕಾದವರು ಕಾರಣ ಕೊಟ್ಟು ಅರ್ಜಿ ಸಲ್ಲಿಸಬಹುದು. ಮಳೆಗಾಲದ ತೇವದಲ್ಲಿ ಎಣ್ಣೆ ಕಾಣದೆ ವಾರಗಟ್ಟಲೆ ಕೂತ ಬಂದೂಕಿನ ನಳಿಗೆಯಲ್ಲಿ ತುಕ್ಕು ಬೇಗ ಶುರುವಾಗುತ್ತದೆ. ಒಪ್ಪಿಸುವ ಮೊದಲು ನಳಿಗೆಯ ಒಳಗೂ ಹೊರಗೂ ಬಂದೂಕಿನ ಎಣ್ಣೆ ಸವರಿ ಕೊಟ್ಟರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಎಪ್ಪತ್ತೈದು ದಾಟಿದವರಿಗೆ ಈ ಹೋಗಿ ಬರುವುದೇ ದೊಡ್ಡ ಹೊರೆ.

ಮನೆಯೊಳಗಿನ ಕಾರಣಗಳು

ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಬಂದೂಕು ಇರುವುದು ಬೇಡವೆಂದು ಸೊಸೆಯೋ ಮಗಳೋ ಹೇಳಿದ ಒಂದು ಮಾತಿಗೆ ಹತ್ತಾರು ವರ್ಷದ ಒಡೆತನ ಕೊನೆಯಾಗುವುದುಂಟು. ಕಣ್ಣು ಮಂಜಾದವರು, ಕೈ ನಡುಗುವವರು ತಾವಾಗಿಯೇ ಬಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ತೀವ್ರ ಖಿನ್ನತೆಯಿದ್ದರೆ, ಕುಡಿತದ ಜಗಳವಿದ್ದರೆ, ಮಾರಾಟದ ಬೆಲೆಗೆ ಕಾಯದೆ ಅಂದೇ ಠೇವಣಿ ಇಡುವುದು ಒಳ್ಳೆಯದು. ಕೈಗೆಟಕುವ ಬಂದೂಕು ಒಂದು ಕ್ಷಣದ ಆವೇಶವನ್ನು ತಿದ್ದಲಾಗದ ಅನಾಹುತವಾಗಿಸುತ್ತದೆ. ಆಸ್ಪತ್ರೆ ಖರ್ಚಿಗೆ, ಮದುವೆಗೆ ಹಣ ಬೇಕಾಗಿ ಮಾರುವವರೂ ಇದ್ದಾರೆ. ಆದರೆ ಹಣಕ್ಕಾಗಿ ಮಾರಲು ಹೊರಟವರಿಗೆ ಮಾರುಕಟ್ಟೆ ಬೇಗ ಒಲಿಯುವುದಿಲ್ಲ.

ಬೆಲೆ ಹೇಗೆ ನಿಂತಿದೆ

ಬಂದೂಕನ್ನು ಕೊಳ್ಳಬಲ್ಲವನು ಪರವಾನಗಿ ಇರುವವನು ಮಾತ್ರ, ಅದರಲ್ಲೂ ಎರಡರ ಮಿತಿಯೊಳಗೆ ಇನ್ನೂ ಜಾಗ ಉಳಿದಿರುವವನು. ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ದೂರದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ಮೇಲುಕೋಟೆ, ರಂಗನತಿಟ್ಟು, ನಾಗರಹೊಳೆ, ಬಂಡೀಪುರಗಳನ್ನು ನಕ್ಷೆಯಲ್ಲಿ ಗುರುತಿಸಿ ಹತ್ತು ಕಿಲೋಮೀಟರಿನ ಗೆರೆ ಎಳೆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಹೊಸ ಕೊಳ್ಳುಗರು ಎಷ್ಟು ವಿರಳವೆಂಬುದು ತಿಳಿಯುತ್ತದೆ. ಮಾರುವವರು ಹೆಚ್ಚಿ ಕೊಳ್ಳುವವರು ಕಡಿಮೆಯಾದಾಗ ಸಾಧಾರಣ ದೇಶಿ ಒಂಟಿ ನಳಿಗೆ, ಜೋಡಿ ನಳಿಗೆಯ ಬಂದೂಕುಗಳಿಗೆ ಬೆಲೆ ಬರುವುದಿಲ್ಲ.

ವಿದೇಶಿ ಪಿಸ್ತೂಲು, ರಿವಾಲ್ವರ್‌ಗಳ ಲೆಕ್ಕ ಇದಕ್ಕೆ ವಿರುದ್ಧ. 1980ರ ದಶಕದಿಂದ ಸಾಮಾನ್ಯರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ಅವಕಾಶವಿದೆ. ದೇಶದೊಳಗೆ ಇರುವಷ್ಟೇ ಕೈ ಬದಲಾಗುವುದರಿಂದ, ಒಳ್ಳೆಯ ಸ್ಥಿತಿಯ ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರ್ ತಾನು ತಯಾರಾದ ದೇಶಕ್ಕಿಂತ ಇಲ್ಲಿ ಹೆಚ್ಚು ಬೆಲೆ ಕಾಣುತ್ತದೆ. ಹೀಗಾಗಿ ಮೂರರಲ್ಲಿ ಒಂದನ್ನು ಬಿಡಬೇಕಾಗಿ ಬಂದವರು ಹಣ ಬೇಕಿದ್ದರೆ ರಿವಾಲ್ವರನ್ನೂ, ನೆನಪು ಬೇಕಿದ್ದರೆ ಬೆಲೆ ಬಾರದ ತಾತನ ಕೋವಿಯನ್ನು ಉಳಿಸಿಕೊಂಡು ಬೇರೆಯದನ್ನೂ ಮಾರಿದರು.

ಮಾರುವ ಕ್ರಮ

ದಾರಿಗಳು ಎರಡು. ಪರವಾನಗಿ ಇರುವ ವ್ಯಾಪಾರಿಗೆ ಕೊಡುವುದು ಸುಲಭ. ಬೆಲೆ ಕಡಿಮೆ ಸಿಕ್ಕರೂ ದಾಖಲೆಗಳ ಕೆಲಸ ಬೇಗ ಮುಗಿಯುತ್ತದೆ. ಇನ್ನೊಬ್ಬ ಖಾಸಗಿ ಪರವಾನಗಿದಾರನಿಗೆ ಮಾರುವುದಾದರೆ, ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೊಳ್ಳುವವನ ಹೆಸರು, ವಿಳಾಸದೊಡನೆ ಮಾರುವ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲೆಯೇ ಬಂದೂಕನ್ನು ಹಸ್ತಾಂತರಿಸಬೇಕು. ಉಳಿದ ತೋಟಾಗಳಿಗೂ ಇದೇ ನಿಯಮ. ಕೊಳ್ಳುವವನ ಪರವಾನಗಿ ಚಾಲ್ತಿಯಲ್ಲಿದೆಯೇ, ಅದರಲ್ಲಿ ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ, ಅವನಿಗೆ ಮಂಜೂರಾದ ಬಂದೂಕಿನ ಬಗೆ ಇದೇ ಹೌದೇ ಎಂಬುದನ್ನು ಮುಂಗಡ ಪಡೆಯುವ ಮೊದಲೇ ನೋಡಬೇಕು. ಈ ಸೆಕ್ಷನ್ ಉಲ್ಲಂಘಿಸಿ ಮಾರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಪರಿಚಯದವನೆಂದೋ ಸಂಬಂಧಿಕನೆಂದೋ ಕೈಗೆ ಕೊಟ್ಟು ಆಮೇಲೆ ಕಾಗದ ಮಾಡೋಣ ಎನ್ನುವ ಸಡಿಲಿಕೆಗೆ ಇಲ್ಲಿ ಜಾಗವಿಲ್ಲ.

ಮಾರಾಟ ಮುಗಿದ ಮೇಲೆ ಮಾರಿದವನ ಪರವಾನಗಿ ಪುಸ್ತಕದಿಂದ ಆ ಬಂದೂಕಿನ ನಮೂದನ್ನು ಕಚೇರಿಯಲ್ಲಿ ತೆಗೆಸಬೇಕು. ಹಾಗೆ ತೆಗೆಸಿದ ಪುಟದ ನಕಲು, ವ್ಯಾಪಾರಿಯ ಅಥವಾ ಕೊಂಡವನ ರಸೀದಿ, 45 ದಿನ ಮೊದಲು ಸಲ್ಲಿಸಿದ ಪತ್ರದ ಸ್ವೀಕೃತಿ ಈ ಮೂರನ್ನೂ ಜಮೀನಿನ ಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ನಳಿಗೆಯ ಮೇಲೆ ಕೊರೆದ ನಂಬರು ಅಳಿಯುವುದಿಲ್ಲ. ಎಷ್ಟೋ ವರ್ಷದ ನಂತರ ಆ ಬಂದೂಕು ಯಾವುದಾದರೂ ಪ್ರಕರಣದಲ್ಲಿ ಸಿಕ್ಕರೆ ಪೊಲೀಸರು ಮೊದಲು ಬರುವುದು ದಾಖಲೆಯಲ್ಲಿ ಕೊನೆಯದಾಗಿ ಹೆಸರಿರುವವರ ಮನೆಗೆ.